ಸೆಟಲ್ ಆಯ್ತು ಅಂದುಕೊಂಡಿದ್ದ ಸಾಲ: ಸಿಬಿಲ್ ಅಂಕ 611ರಿಂದ 746ಕ್ಕೆ ಬರಲು ನನಗೆ ಹಿಡಿದ ಹತ್ತೊಂಬತ್ತು ತಿಂಗಳು

ಕಳೆದ ವಾರ ನಮ್ಮ ಘಟಕಕ್ಕೆ ಹೊಸ ಮಷೀನ್ ಬಂತು. ಜೀನ್ಸ್ ಪ್ಯಾಂಟಿನ ಕಾಲಿಗೆ ಎರಡು ಸಾಲು ಹೊಲಿಗೆಯನ್ನು ಒಂದೇ ಓಟಕ್ಕೆ ಹಾಕುವ ಮಷೀನ್ ಅದು. ನಮ್ಮಲ್ಲಿ ಎಲ್ಲರೂ ಅದನ್ನು ಫೀಡ್ ಆಫ್ ಅಂತಾರೆ. ಇಷ್ಟು ವರ್ಷ ಆ ಒಂದು ಹೊಲಿಗೆಗಾಗಿ ಪ್ಯಾಂಟುಗಳನ್ನು ಗಂಟು ಕಟ್ಟಿ ಬೇರೆಯವರ ಘಟಕಕ್ಕೆ ಕಳಿಸುತ್ತಿದ್ದೆ. ಅವರು ಕೊಟ್ಟಾಗ ನಮಗೆ ಕೆಲಸ, ಕೊಡದಿದ್ದರೆ ಆರು ಜನ ಹೆಣ್ಣುಮಕ್ಕಳು ಸುಮ್ನೆ ಕೂರಬೇಕು. ಈ ಮಷೀನ್ ಒಂದೂವರೆ ವರ್ಷ ಮೊದಲೇ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನ್ನ ಸಿಬಿಲ್ ಅಂಕ, ಅಂದರೆ ಸಾಲ ಹೇಗೆ ತೀರಿಸಿದ್ದೇವೆ ಅಂತ ನೋಡಿ ಕೊಡುವ ಅಂಕ, ಕೆಟ್ಟಿತ್ತು. ಯಾಕೆ ಕೆಟ್ಟಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬಳ್ಳಾರಿಯಲ್ಲಿ ನನ್ನಂಥ ಸಣ್ಣ ಜೀನ್ಸ್ ಘಟಕ ನಡೆಸುವವರು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ನನ್ನ ಅಲೆದಾಟ ತಪ್ಪಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

2024ರ ಮಾರ್ಚ್. ದುರ್ಗಮ್ಮನ ಸಿಡಿಬಂಡಿ ಮುಗಿದಿತ್ತು, ಬಿಸಿಲು ಏರುತ್ತಿತ್ತು. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ನಾನು 3 ಲಕ್ಷ 20 ಸಾವಿರಕ್ಕೆ ಅರ್ಜಿ ಹಾಕಿದ್ದೆ. ಉದ್ಯಮ್ ನೋಂದಣಿ, ಮಷೀನಿನ ಕೊಟೇಶನ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಫೈಲಿನಲ್ಲಿ ಸಾಲಾಗಿ ಜೋಡಿಸಿಕೊಂಡು ಹೋಗಿದ್ದೆ. ಅಧಿಕಾರಿ ಫೈಲ್ ಪೂರ್ತಿ ತೆರೆಯಲೇ ಇಲ್ಲ. ಪ್ಯಾನ್ ನಂಬರ್ ಹಾಕಿದರು, ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಮಾನಿಟರನ್ನೇ ನನ್ನ ಕಡೆ ತಿರುಗಿಸಿದರು.

"611 ಐತ್ರೀ ಅಕ್ಕಾ. ಒಂದು ಕಾರ್ಡ್ ಸೆಟಲ್ಡ್ ಅಂತ ತೋರಿಸ್ತೈತಿ. ಇದು ಇರೋತನಕ ಆಗಲ್ರೀ."

ನಾನು ಖುಷಿಯಿಂದಲೇ ಹೇಳಿದೆ, ಹೌದು ಸರ್, ಅದನ್ನು ಸೆಟಲ್ ಮಾಡಿಬಿಟ್ಟಿದ್ದೇನೆ, ಏನೂ ಬಾಕಿ ಇಲ್ಲ ಅಂತ. ಅವರು ತಲೆ ಅಲ್ಲಾಡಿಸಿದರು. "ರೊಕ್ಕ ಕಟ್ಟೀರಿ, ಆದ್ರ ಪೂರಾ ಕಟ್ಟಿಲ್ರೀ. ಸೆಟಲ್ ಅಂದ್ರ ಅದ."

ನಮ್ಮ ಮಾತಿನಲ್ಲಿ ಸೆಟಲ್ ಆಯ್ತು ಅಂದರೆ ತಕರಾರು ಮುಗೀತು, ಇಬ್ಬರೂ ಒಪ್ಪಿದರು, ಇನ್ನು ಯಾರೂ ಯಾರನ್ನೂ ಕೇಳುವ ಹಾಗಿಲ್ಲ ಅಂತ ಅರ್ಥ. ಬ್ಯಾಂಕಿನ ದಾಖಲೆಯಲ್ಲಿ ಅದರ ಅರ್ಥವೇ ಬೇರೆ. ಈ ಮನುಷ್ಯ ಕೊಡಬೇಕಾದ್ದನ್ನು ಪೂರ್ತಿ ಕೊಡಲಿಲ್ಲ, ಉಳಿದದ್ದನ್ನು ನಾವು ಕೈಬಿಟ್ಟೆವು ಅಂತ. ಈ ವ್ಯತ್ಯಾಸ ನನಗೆ ತಿಳಿದದ್ದು ಎರಡೂವರೆ ವರ್ಷ ತಡವಾಗಿ, ಆ ಕುರ್ಚಿಯಲ್ಲಿ ಕೂತಾಗ.

ಆ ಕಾರ್ಡಿನ ಕಥೆ ಹೇಳಲೇಬೇಕು. 2019ರಲ್ಲಿ ನನ್ನ ಉಳಿತಾಯ ಖಾತೆ ಇದ್ದ ಬ್ಯಾಂಕಿನಿಂದ ಒಬ್ಬ ಹುಡುಗ ಬಂದು ಕೊಡಿಸಿದ ಕ್ರೆಡಿಟ್ ಕಾರ್ಡ್ ಅದು. ಮಿತಿ 30 ಸಾವಿರ. ದಾರದ ಕೋನು, ಗುಂಡಿ, ಜಿಪ್ ತರಲು ಬಳಸುತ್ತಿದ್ದೆ, ತಪ್ಪದೆ ಕಟ್ಟುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕತ್ತರಿಸಿಟ್ಟ ಬಟ್ಟೆ ಮೇಜಿನ ಮೇಲೆಯೇ ಉಳಿಯಿತು. ನನ್ನ ಹತ್ತಿರ ಆಗ ಹೊಲಿಯುತ್ತಿದ್ದವರು ಮೂವರು. ಅವರ ಮನೆಯಲ್ಲಿ ರೇಷನ್ ಇರಲಿಲ್ಲ, ನನ್ನ ಕೈಯಲ್ಲಿ ರೊಕ್ಕ ಇರಲಿಲ್ಲ. ಕಾರ್ಡ್ ತೆಗೆದುಕೊಂಡು ಎಟಿಎಂಗೆ ಹೋಗಿ 12 ಸಾವಿರ ತೆಗೆದು ಮೂವರಿಗೂ ಹಂಚಿದೆ. ಹಂಚಿದ್ದರ ಬಗ್ಗೆ ಇವತ್ತಿಗೂ ಬೇಸರ ಇಲ್ಲ. ಆದರೆ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅವತ್ತಿನಿಂದಲೇ ಬಡ್ಡಿ ಶುರು, ಸಾಮಾನು ಕೊಂಡಾಗ ಸಿಗುವ ಬಡ್ಡಿ ಇಲ್ಲದ ದಿನಗಳು ಇದಕ್ಕೆ ಇಲ್ಲ ಅಂತ ಗೊತ್ತಿರಲಿಲ್ಲ. ತೆಗೆದ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90 ಬೇರೆ.

ಹಳೆ ಖರೀದಿ ಸೇರಿ ಬಾಕಿ 22 ಸಾವಿರದ ಹತ್ತಿರ ಇತ್ತು. ಆರ್‌ಬಿಐ ಆಗ ಕಂತು ಮುಂದೂಡುವ ಅವಕಾಶ ಕೊಟ್ಟಿತ್ತು, ಮೊದಲು ಮೇ ತನಕ, ಆಮೇಲೆ 2020ರ ಆಗಸ್ಟ್ 31ರ ತನಕ. ಕಾರ್ಡಿಗೂ ಅದು ಅನ್ವಯ ಆಗುತ್ತಿತ್ತು. ಬಡ್ಡಿಯೂ ನಿಂತಿದೆ ಅಂತ ನಾನು ತಿಳಿದುಕೊಂಡಿದ್ದೆ. ನಿಂತಿರಲಿಲ್ಲ. ನನ್ನ ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸೆಪ್ಟೆಂಬರಿನಲ್ಲಿ ಬಿಲ್ ನೋಡಿದರೆ 28 ಸಾವಿರ ಆಗಿತ್ತು.

ಅಲ್ಲಿಂದ ಏಳು ತಿಂಗಳು ಬಿಲ್ಲಿನಲ್ಲಿ ಬರೆದಿದ್ದ ಕನಿಷ್ಠ ಮೊತ್ತ, ಅದೇ ಮಿನಿಮಮ್ ಡ್ಯೂ, ಕಟ್ಟುತ್ತಾ ಹೋದೆ. ಈ ಲೆಕ್ಕವನ್ನು ದಯವಿಟ್ಟು ನಿಧಾನವಾಗಿ ಓದಿ. 28 ಸಾವಿರಕ್ಕೆ ನನ್ನ ಮಿನಿಮಮ್ ಡ್ಯೂ 1,400 ರೂಪಾಯಿ. ಆ ತಿಂಗಳ ಬಡ್ಡಿ 980, ಅದರ ಜಿಎಸ್‌ಟಿ 176. ಅಂದರೆ 1,400ರಲ್ಲಿ 1,156 ಬಡ್ಡಿಗೇ ಹೋಯಿತು. ಅಸಲಿಗೆ ಹೋದದ್ದು 244 ರೂಪಾಯಿ. ಮಿನಿಮಮ್ ಕಟ್ಟಿದರೆ ತಡ ಶುಲ್ಕ ಬೀಳುವುದಿಲ್ಲ, ಡಿಫಾಲ್ಟ್ ಅಂತ ಬೀಳುವುದಿಲ್ಲ, ಅಷ್ಟೇ. ಸಾಲ ಹಾಗೇ ಇರುತ್ತದೆ. ಮೇಲಾಗಿ ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ.

2021ರ ಏಪ್ರಿಲ್ ಕೊನೆಗೆ ಎರಡನೇ ಲಾಕ್‌ಡೌನ್ ಬಂತು. ಮಿನಿಮಮ್ ಕಟ್ಟುವುದೂ ನಿಂತಿತು. ಬಾಕಿ 37,200ಕ್ಕೆ ಏರಿತು. ದಿನಕ್ಕೆ ಏಳೆಂಟು ಫೋನ್. ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದೆ, ನಮ್ಮ ಯಜಮಾನರಿಗೆ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ವಸೂಲಿಯವನೊಬ್ಬ ಮೆತ್ತಗೆ ಮಾತಾಡಿದ. "ಮೇಡಂ, 20 ಸಾವಿರ ಒಂದೇ ಸಲ ಕಟ್ಟಿಬಿಡಿ, ಸೆಟಲ್ ಮಾಡಿಕೊಡ್ತೀನಿ, ಆಮೇಲೆ ಯಾರೂ ಫೋನ್ ಮಾಡಲ್ಲ." ಆ ಕೊನೆಯ ಮಾತಿಗೆ ನಾನು ಒಪ್ಪಿಕೊಂಡೆ. ಬೆಂಡೋಲೆ ಅಡ ಇಟ್ಟು ಕಟ್ಟಿದೆ. ಒಂದು ಪತ್ರ ಬಂತು. ಪತ್ರದಲ್ಲಿ ಏನಿದೆ ಅಂತ ಓದದೆ ಬೀರುವಿನಲ್ಲಿಟ್ಟೆ.

ಬಿಟ್ಟ 17,200 ರೂಪಾಯಿ 2024ರಲ್ಲಿ ಎದುರಿಗೆ ಬಂದು ನಿಂತದ್ದು ಹೀಗೆ.

ಬ್ಯಾಂಕಿನಿಂದ ಬಂದ ಆ ರಾತ್ರಿ ಇನ್ನೊಂದು ತಪ್ಪು ಮಾಡಿದೆ. ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಮೂರು ಕಡೆ ಸಾಲಕ್ಕೆ ಅರ್ಜಿ ಹಾಕಿದೆ, ಎಲ್ಲಾದರೂ ಸಿಗಲಿ ಅಂತ. ಮೂರೂ ತಿರಸ್ಕಾರ ಆದವು. ನಾವು ಸಾಲ ಕೇಳಿದಾಗಲೆಲ್ಲ ಸಾಲ ಕೊಡುವ ಸಂಸ್ಥೆ ನಮ್ಮ ಸಾಲದ ಚರಿತ್ರೆಯ ವರದಿ ತೆಗೆದು ನೋಡುತ್ತದೆ, ನೋಡಿದ್ದು ವರದಿಯಲ್ಲಿ ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಸಾಲುಸಾಲಾಗಿ ಎನ್‌ಕ್ವೈರಿ ಬಿದ್ದರೆ ಈ ಮನುಷ್ಯನಿಗೆ ರೊಕ್ಕದ ಅಡಚಣೆ ಜಾಸ್ತಿ ಇದೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನನ್ನ ಅಂಕ 604ಕ್ಕೆ ಇಳಿಯಿತು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಮಾತ್ರ ಅಂಕ ಇಳಿಯುವುದಿಲ್ಲ. ಇದನ್ನು ಬಹಳ ಜನ ಉಲ್ಟಾ ತಿಳಿದಿದ್ದಾರೆ, ಹೆದರಿ ವರ್ಷಗಟ್ಟಲೆ ನೋಡುವುದೇ ಇಲ್ಲ.

ಏಪ್ರಿಲ್ ಮೊದಲ ವಾರ ವರದಿ ತೆಗೆದೆ. ನಮ್ಮ ದೇಶದಲ್ಲಿ ಈ ವರದಿ, ಅಂಕ ತಯಾರಿಸುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು, ಆರ್‌ಬಿಐ ನಿಯಮ ಅದು. ವೆಬ್‌ಸೈಟ್ ತೆರೆದ ತಕ್ಷಣ ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ರೊಕ್ಕದ ಪ್ಲಾನುಗಳು ಕಾಣಿಸಿದರೆ ಗಾಬರಿ ಆಗಬೇಡಿ. ಪುಕ್ಕಟೆ ವರದಿಯ ಕೊಂಡಿ ಹುಡುಕಿ. ನಾಲ್ಕೂ ಕಡೆಯಿಂದ ತೆಗೆದುಕೊಳ್ಳಿ, ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರದೇ ಇರಬಹುದು.

ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹಳೆ ಕಾರ್ಡಿನ ಕೆಳಗೆ ಸಣ್ಣ ಸಣ್ಣ ಚೌಕಗಳು, ಒಂದು ತಿಂಗಳಿಗೆ ಒಂದು ಚೌಕ. 2019ರ ಚೌಕಗಳಲ್ಲೆಲ್ಲ 000. ಅಂದರೆ ಒಂದು ದಿನವೂ ತಡ ಇಲ್ಲ. 2021ರ ಮೇ ನಂತರ 030, 060, 090, 120. ಎಷ್ಟು ದಿನ ತಡ ಅನ್ನುವ ಲೆಕ್ಕ ಅದು. ಯಾವ ತಿಂಗಳು ಮನೆಯಲ್ಲಿ ಏನಾಗಿತ್ತು ಅಂತ ಆ ಚೌಕಗಳನ್ನು ನೋಡಿಯೇ ಹೇಳಬಹುದಿತ್ತು. ಅತ್ತೆಗೆ ಆಕ್ಸಿಜನ್ ಹಾಕಿದ ತಿಂಗಳ ಚೌಕದಲ್ಲಿ 030 ಅಂತ ಇತ್ತು. ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ನನ್ನ ಉದ್ರಿ ಪುಸ್ತಕ ಇಪ್ಪತ್ತು ವರ್ಷದಿಂದ ಇದೆ. ಆ ತಿಂಗಳುಗಳಲ್ಲಿ ಅವರಿಗೂ ತಡ ಮಾಡಿದ್ದೆ, ಹೋಗಿ ಹೇಳಿದ್ದೆ, ಆಗಲಿ ತಗೋ ಅಂದಿದ್ದರು. ಬ್ಯಾಂಕಿಗೂ ಹಾಗೇ ಮೊದಲೇ ಹೋಗಿ ಹೇಳಬಹುದಿತ್ತು ಅಂತ ಆಗ ಹೊಳೆದಿರಲಿಲ್ಲ. ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಕೊಡಿ ಅಂತ ಕೇಳಲು ಅವಕಾಶ ಇರುತ್ತದೆ. ಬಾಕಿ ಬೆಳೆಯುವ ಮೊದಲು ಕೇಳಬೇಕು. ನಾನು ಫೋನ್ ಎತ್ತದೆ ಐದು ತಿಂಗಳು ಕಳೆದೆ.

ಇದೇ ಹೊತ್ತಿಗೆ ಪರಿಚಯದವರೊಬ್ಬರು ಒಬ್ಬ ಏಜೆಂಟ್ ಹತ್ತಿರ ಕರೆದುಕೊಂಡು ಹೋದರು. 7 ಸಾವಿರ ಕೊಟ್ಟರೆ 45 ದಿನದಲ್ಲಿ ಸಿಬಿಲ್ ಕ್ಲೀನ್ ಮಾಡಿಸಿಕೊಡುತ್ತೇನೆ, ಒಳಗೆ ಜನ ಇದ್ದಾರೆ ಅಂದ. ಆಧಾರ್, ಪ್ಯಾನ್ ಪ್ರತಿ ಮತ್ತು ಬಂದ ಒಟಿಪಿ ಕೊಡಬೇಕಂತೆ. ಒಟಿಪಿ ಅಂದಾಗ ಎದ್ದು ಬಂದೆ. ಸರಿಯಾಗಿ ದಾಖಲಾದ ಮಾಹಿತಿಯನ್ನು ಯಾರೂ ಅಳಿಸಲು ಆಗುವುದಿಲ್ಲ. ಸಾಲ ಕೊಟ್ಟ ಬ್ಯಾಂಕ್ ತಿದ್ದಿ ಕಳಿಸಿದರೆ ಮಾತ್ರ ಸಿಬಿಲ್‌ನಲ್ಲಿ ಬದಲಾಗುತ್ತದೆ. ಆ ಏಜೆಂಟ್ ಮಾಡುವ ಅರ್ಜಿಯನ್ನು ನೀವೇ ಪುಕ್ಕಟೆ ಮಾಡಬಹುದು.

ಸೆಟಲ್ಡ್ ಅನ್ನುವುದು ಕ್ಲೋಸ್ಡ್, ಅಂದರೆ ಪೂರ್ತಿ ತೀರಿದೆ, ಅಂತ ಬದಲಾಗಬೇಕಾದರೆ ಬಿಟ್ಟ ಮೊತ್ತವನ್ನು ಕಟ್ಟಬೇಕು. ಅದಕ್ಕೆ ಹಳೆ ಬ್ಯಾಂಕಿನ ಶಾಖೆಗೆ ಹೋದೆ. ಕಾರ್ಡ್ ವಿಭಾಗ ಬೇರೆ ಊರಿನಲ್ಲಿದೆ, ನಮಗೆ ಇಲ್ಲಿ ಏನೂ ಕಾಣುವುದಿಲ್ಲ, ಮೇಲ್ ಮಾಡಿ ಅಂದರು. ಮೇಲ್ ಮಾಡಿದೆ. ನಿಮ್ಮ ಪತ್ರ ತಲುಪಿದೆ ಅನ್ನುವ ಯಂತ್ರದ ಉತ್ತರ ಬಿಟ್ಟರೆ 23 ದಿನ ಏನೂ ಇಲ್ಲ. ನಾನಾಗಿ ರೊಕ್ಕ ಕಟ್ಟುತ್ತೇನೆ ಅಂದರೂ ತೆಗೆದುಕೊಳ್ಳುವವರು ಇರಲಿಲ್ಲ. ಆಮೇಲೆ ಅದೇ ಬ್ಯಾಂಕಿನ ವೆಬ್‌ಸೈಟಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಮೇಲ್ ವಿಳಾಸ ಸಿಕ್ಕಿತು. ಪ್ರತಿ ಬ್ಯಾಂಕೂ ಇದನ್ನು ಹಾಕಿರುತ್ತದೆ, ಪುಟದ ಕೆಳಗೆ ದೂರು ಪರಿಹಾರ ಅನ್ನುವ ಕಡೆ ಹುಡುಕಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಸೆಟಲ್‌ಮೆಂಟ್ ಪತ್ರ, ಸಿಬಿಲ್ ವರದಿಯ ಆ ಪುಟ, ಮೊದಲ ಮೇಲ್‌ನ ದೂರು ಸಂಖ್ಯೆ, ಎಲ್ಲ ಸೇರಿಸಿ ಕಳಿಸಿದೆ. ಆರನೇ ದಿನ ಉತ್ತರ ಬಂತು: 17,200 ಕಟ್ಟಿದರೆ ಬಾಕಿ ಇಲ್ಲದ ಪ್ರಮಾಣಪತ್ರ ಕೊಟ್ಟು, ಸ್ಥಿತಿ ಬದಲಿಸುತ್ತೇವೆ. ಇದನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ತರಿಸಿಕೊಂಡ ಮೇಲೆಯೇ ಕಟ್ಟಿ. ಕಟ್ಟುವಾಗಲೂ ಪತ್ರದಲ್ಲಿರುವ ಕಾರ್ಡ್ ಖಾತೆಗೇ ಕಟ್ಟಿ, ಯಾರದ್ದೋ ಫೋನ್ ನಂಬರಿಗೆ ಯುಪಿಐ ಮಾಡಬೇಡಿ.

17 ಸಾವಿರ ಸುಮ್ನೆ ಬರುತ್ತದಾ? ಆವತ್ತು ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಗೂಡ್ಸ್ ಆಟೋ ಓಡಿಸುವ ಮನುಷ್ಯ ಅವರು, ದಿನದ ಬಾಡಿಗೆಯ ಲೆಕ್ಕ ಬಿಟ್ಟು ಬೇರೆ ಮಾತು ಕಡಿಮೆ. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಮೂರು ವರ್ಷ ಒಬ್ಬಾಕೆನ ಹೊತ್ತುಕೊಂಡು ತಿರುಗಿದಿಯಲ್ಲ" ಅಂದರು. ನನಗೆ ಅಳು ತಡೆಯಲಿಲ್ಲ. ಚೀಟಿಯನ್ನು ಆ ತಿಂಗಳೇ ಕೂಗಿ ಎತ್ತಿದೆವು. ಮೇ 28ರಂದು ಕಟ್ಟಿದೆ.

ಜೂನ್ 14ಕ್ಕೆ ಪ್ರಮಾಣಪತ್ರ ಬಂತು. ಜುಲೈ ಮಧ್ಯ ಬಂದರೂ ವರದಿಯಲ್ಲಿ ಮಾತ್ರ ಸೆಟಲ್ಡ್ ಅಂತಲೇ ಇತ್ತು. ಜುಲೈ 15ರಂದು ಸಿಬಿಲ್ ಸೈಟಿನಲ್ಲಿ ಡಿಸ್ಪ್ಯೂಟ್, ಅಂದರೆ ವರದಿಯಲ್ಲಿ ತಪ್ಪಿದೆ ಅನ್ನುವ ದೂರು, ಹಾಕಿದೆ. ಇಲ್ಲಿ ಒಂದು ನಿಯಮ ನಮ್ಮ ಪರವಾಗಿದೆ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ಮಾಡಿದೆ, 2024ರ ಏಪ್ರಿಲ್ 26ರಿಂದ ಜಾರಿ. ನನ್ನದು ಸರಿಯಾದದ್ದು 41ನೇ ದಿನಕ್ಕೆ. ತಡ ಆದದ್ದು ಹಳೆ ಬ್ಯಾಂಕಿನ ಕಡೆಯಿಂದ. ನಿಯಮ ಬರೆದು ಮೇಲ್ ಮಾಡಿದ ಮೇಲೆ 1,100 ರೂಪಾಯಿ ಖಾತೆಗೆ ಬಂತು. ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬೇಕು ಅಂತ ತಯಾರಿ ಮಾಡಿಕೊಂಡಿದ್ದೆ. ಅಲ್ಲಿಗೆ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಡ. ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾದಿರಬೇಕು, ಅಥವಾ ಅವರ ಉತ್ತರ ಸಮಾಧಾನ ಆಗಿರಬಾರದು. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಕ್ಲೋಸ್ಡ್ ಆಯಿತು, ಆದರೆ 030, 060 ಚೌಕಗಳು ಅಳಿಯಲಿಲ್ಲ. ಅವು ನಡೆದದ್ದು ನಿಜ, ಹಾಗಾಗಿ ಉಳಿದವು. ಅವುಗಳ ಪಕ್ಕದಲ್ಲಿ ಹೊಸ 000ಗಳು ಬಂದು ಕೂರಬೇಕಿತ್ತು. ಅಂದರೆ ನನಗೆ ಮತ್ತೆ ಕಾರ್ಡ್ ಬೇಕಿತ್ತು. ಯಾವ ಕಾರ್ಡಿನಿಂದ ಹಾಳಾದೆನೋ ಅದನ್ನೇ ಮತ್ತೆ ಹಿಡಿಯಲು ಕೈ ನಡುಗಿತು. ಆದರೆ ಸಾಲವನ್ನೇ ಮುಟ್ಟದೆ ಕೂತರೆ ಅಂಕ ತಾನಾಗಿ ಬೆಳೆಯುವುದಿಲ್ಲ. ನೀವು ದಿನಾಂಕಕ್ಕೆ ಸರಿಯಾಗಿ ಕಟ್ಟುವವರು ಅಂತ ತೋರಿಸಲು ಏನಾದರೂ ಕಟ್ಟುತ್ತಿರಬೇಕಲ್ವಾ?

604 ಅಂಕಕ್ಕೆ ಮಾಮೂಲಿ ಕಾರ್ಡ್ ಯಾರೂ ಕೊಡುವುದಿಲ್ಲ. ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಳ್ಳುವ ದಾರಿ ಇದೆ. ಚೀಟಿ ರೊಕ್ಕದಲ್ಲಿ ಉಳಿದಿದ್ದ 25 ಸಾವಿರ ಎಫ್‌ಡಿ ಇಟ್ಟೆ, 22,500 ಮಿತಿಯ ಕಾರ್ಡ್ ಅಂತ ಹೇಳಿದರು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಕಾರ್ಡ್ ಮುಚ್ಚುವ ತನಕ ಮುರಿಯುವ ಹಾಗಿಲ್ಲ ಅಷ್ಟೇ. ಇದು ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ನಿಂತುಹೋಯಿತು. ಪ್ಯಾನ್‌ನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಮದುವೆಯಾದ ಹೆಣ್ಣುಮಕ್ಕಳೇ, ಇದನ್ನು ಇವತ್ತೇ ತೆಗೆದು ನೋಡಿ. ಪ್ಯಾನ್ ತಿದ್ದುಪಡಿಗೆ 107 ರೂಪಾಯಿ, ಬರಲು ಮೂರು ವಾರ. ಅದಕ್ಕೆ ಬೇಕಾದ ದಾಖಲೆಗಾಗಿ ತವರಿಗೆ ಎರಡು ಸಲ ಓಡಾಟ, ಬಸ್ ಖರ್ಚು, ಎರಡು ದಿನದ ಕೆಲಸ ಹಾಳು. ಹೆಸರು ಬೇರೆ ಬೇರೆ ಇದ್ದರೆ ವರದಿಯಲ್ಲಿ ಇನ್ನೊಬ್ಬರ ಸಾಲ ಬಂದು ಸೇರಿಕೊಳ್ಳುವುದೂ ಉಂಟು. ಕಾರ್ಡ್ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಆಗ ಅಂಕ 638.

ಈ ಸಲ ಮೊದಲು ತಿಳಿದುಕೊಂಡದ್ದು ಎರಡು ದಿನಾಂಕಗಳನ್ನು. ಬಿಲ್ ತಯಾರಾಗುವ ದಿನ, ಕಟ್ಟಲು ಕೊನೆಯ ದಿನ. ನನ್ನ ಬಿಲ್ ಪ್ರತಿ ತಿಂಗಳು 12ಕ್ಕೆ, ಗಡುವು ಮುಂದಿನ ತಿಂಗಳು 1ಕ್ಕೆ. ಘಟಕದ ಗೋಡೆಯ ಕ್ಯಾಲೆಂಡರಿನಲ್ಲಿ ಎರಡಕ್ಕೂ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ನಮಗೆ ಕೆಲಸ ಕೊಡುವ ಪಾರ್ಟಿಗಳಿಂದ ರೊಕ್ಕ ಬರುವುದು ತಿಂಗಳ ಕೊನೆಗೆ, ಹಾಗಾಗಿ 1ನೇ ತಾರೀಕು ನನಗೆ ಹೊಂದಿತು. ಹೊಂದದಿದ್ದರೆ ಬಿಲ್ಲಿನ ದಿನ ಬದಲಿಸಿಕೊಡಿ ಅಂತ ಬ್ಯಾಂಕನ್ನು ಕೇಳಬಹುದು, ಆ ಹಕ್ಕು ಇದೆ. ಖಾತೆಯಿಂದ ತಾನಾಗಿ ಕಟ್ಟಿಹೋಗುವ ಆಟೋಪೇ ಹಾಕಿಸಿದೆ. ಹಾಕಿಸುವಾಗ ಫಾರಂನಲ್ಲಿ ಎರಡು ಚೌಕ ಇರುತ್ತವೆ: ಮಿನಿಮಮ್ ಅಥವಾ ಪೂರ್ತಿ ಮೊತ್ತ. ಮಿನಿಮಮ್‌ಗೆ ಗುರುತು ಹಾಕಿ ಕೊಟ್ಟಿದ್ದ ಹುಡುಗನ ಕೈಯಿಂದ ಫಾರಂ ತೆಗೆದುಕೊಂಡು ಹೊಡೆದುಹಾಕಿ, ಪೂರ್ತಿ ಮೊತ್ತಕ್ಕೆ ಗುರುತು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಮೊದಲ ಬಿಲ್ 1,248 ರೂಪಾಯಿ. ದಾರ, ಸೂಜಿ, ಮಷೀನ್ ಎಣ್ಣೆ. ಕಟ್ಟಿದ ಎಸ್‌ಎಂಎಸ್ ಬಂದಾಗ ಎರಡು ಸಲ ಓದಿಕೊಂಡೆ.

2025ರ ಫೆಬ್ರವರಿ ಹೊತ್ತಿಗೆ ಅಂಕ 681. ಯುಗಾದಿ ಸೀಸನ್ ಹತ್ತಿರ ಬಂತು, ಜಿಪ್ಪು, ಗುಂಡಿ, ರಿವಿಟ್ಟು, ದಾರ ಎಲ್ಲ ಸೇರಿ ಒಂದೇ ತಿಂಗಳಲ್ಲಿ ಕಾರ್ಡಿನಲ್ಲಿ 15,300 ಖರ್ಚಾಯಿತು. ಗಡುವಿಗೆ ಮೊದಲೇ ಪೂರ್ತಿ ಕಟ್ಟಿದೆ. ಮುಂದಿನ ಸಲ ನೋಡಿದರೆ ಅಂಕ 659. ನನಗೆ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ಒಂದು ರೂಪಾಯಿ ಬಾಕಿ ಇಲ್ಲ, ಒಂದು ದಿನ ತಡ ಇಲ್ಲ, ಮತ್ಯಾಕೆ ಇಳಿಯಿತು?

ಕಾರಣ ತಿಳಿಯಲು ವಾರ ಹಿಡಿಯಿತು. ಮಿತಿಯಲ್ಲಿ ಎಷ್ಟು ಭಾಗ ಬಳಸಿದ್ದೇವೆ ಅನ್ನುವುದನ್ನೂ ನೋಡುತ್ತಾರೆ. ಸಾಮಾನ್ಯವಾಗಿ ಬ್ಯಾಂಕ್ ಕಳಿಸುವುದು ಬಿಲ್ ತಯಾರಾದಾಗ ಇದ್ದ ಬಾಕಿಯನ್ನು, ನಾನು ಆಮೇಲೆ ಕಟ್ಟಿದ್ದನ್ನು ಅಲ್ಲ. 22,500ರಲ್ಲಿ 15,300 ಅಂದರೆ 68 ಪರ್ಸೆಂಟ್. 30 ಪರ್ಸೆಂಟ್ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತಾರೆ, ನನ್ನ ಮಿತಿಗೆ ಅದು 6,750. ಅವತ್ತಿನಿಂದ ಖರೀದಿ ಜಾಸ್ತಿಯಾದ ತಿಂಗಳು 12ಕ್ಕೆ ಮೊದಲೇ, 9 ಅಥವಾ 10ನೇ ತಾರೀಕು, ಅರ್ಧಕ್ಕಿಂತ ಹೆಚ್ಚು ಕಟ್ಟಿಬಿಡುತ್ತೇನೆ. ಬಿಲ್ಲಿನಲ್ಲಿ ಸಣ್ಣ ಮೊತ್ತ ಮಾತ್ರ ಬರುತ್ತದೆ. ಈ ಇಳಿತ ಶಾಶ್ವತ ಅಲ್ಲ, ಬಳಕೆ ಕಡಿಮೆಯಾದಂತೆ ಏರುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅಂತ ನಿಯಮ ಬಂದಿರುವುದರಿಂದ, ಒಳ್ಳೆಯದೂ ಕೆಟ್ಟದ್ದೂ ಬೇಗ ಕಾಣುತ್ತದೆ.

ಏಪ್ರಿಲಿನಲ್ಲಿ ಇನ್ನೊಂದು ಎದೆ ಝಲ್ ಅನ್ನುವ ಘಟನೆ. ಒಂದು ಪಾರ್ಟಿಯ ಚೆಕ್ ತಡವಾಗಿ ಖಾತೆಯಲ್ಲಿ ರೊಕ್ಕ ಸಾಲಲಿಲ್ಲ, ಆಟೋಪೇ ವಾಪಸ್ ಹೋಯಿತು. ನಾನು ನೋಡಿದ್ದು 3ನೇ ತಾರೀಕು ಬೆಳಗ್ಗೆ. ತಕ್ಷಣ ತಂಗಿಯಿಂದ ಇಸಿದುಕೊಂಡು ಕಟ್ಟಿದೆ. ಗಡುವು ಮೀರಿ ಮೂರು ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ತಡ ಅಂತ ವರದಿ ಮಾಡಬಹುದು, ತಡ ಶುಲ್ಕ ಹಾಕಬಹುದು ಅನ್ನುವ ನಿಯಮ ನನ್ನನ್ನು ಉಳಿಸಿತು. ಆ ಮೂರು ದಿನವನ್ನು ನಂಬಿ ಕೂರಬೇಡಿ. ಈಗ ಆ ಖಾತೆಯಲ್ಲಿ ಸದಾ 5 ಸಾವಿರ ಮುಟ್ಟದೆ ಇಡುತ್ತೇನೆ, ಪಗಾರ ಕೊಡಲು ಕಷ್ಟ ಆದರೂ ಅದಕ್ಕೆ ಕೈ ಹಾಕುವುದಿಲ್ಲ.

ಈಗ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಅಂಗಡಿಗಳ ಕ್ಯೂಆರ್‌ಗೆ ಅದರಿಂದಲೇ ಕೊಡಬಹುದು. ಅನುಕೂಲ ನಿಜ. ಆದರೆ ಮಂಡಕ್ಕಿ ಮಿರ್ಚಿಗೂ ಕಾರ್ಡಿನಿಂದಲೇ ಹೋಗಲು ಶುರುವಾದರೆ ಲೆಕ್ಕ ಕೈಗೆ ಸಿಗುವುದಿಲ್ಲ. ಎರಡು ತಿಂಗಳು ನೋಡಿ ಆ ಜೋಡಣೆ ತೆಗೆದುಹಾಕಿದೆ. ಕಾರ್ಡ್ ಘಟಕದ ಸಾಮಾನಿಗೆ ಮಾತ್ರ.

ಇದನ್ನು ಬಿಟ್ಟರೆ ಕಾಯುವುದೇ ಕೆಲಸ. ಜೂನ್‌ನಲ್ಲಿ 704, ಸೆಪ್ಟೆಂಬರಿನಲ್ಲಿ 746. ಈ ನಡುವೆ ಬೇರೆ ಕಾರ್ಡ್ ಕೊಡುತ್ತೇವೆ ಅಂತ ಎಷ್ಟೋ ಫೋನ್ ಬಂದವು, ಒಂದಕ್ಕೂ ಅರ್ಜಿ ಹಾಕಲಿಲ್ಲ. ಹೊಸ ಎನ್‌ಕ್ವೈರಿ ಒಂದೂ ಬೇಡ ಅಂತ.

ಸೆಪ್ಟೆಂಬರ್ ಕೊನೆಗೆ ಅದೇ ಶಾಖೆಗೆ ಹೋದೆ. ಅಧಿಕಾರಿ ಬದಲಾಗಿದ್ದರು. ಹೊಸ ಕೊಟೇಶನ್, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಎರಡು ವರ್ಷದ ಐಟಿ ರಿಟರ್ನ್, ಜೊತೆಗೆ ಬಾಕಿ ಇಲ್ಲದ ಪ್ರಮಾಣಪತ್ರದ ಪ್ರತಿಯನ್ನು ಮೇಲೆಯೇ ಇಟ್ಟಿದ್ದೆ. ಹಳೆ ಚೌಕಗಳ ಬಗ್ಗೆ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಘಟಕಕ್ಕೆ ಬಂದು ಮಷೀನುಗಳನ್ನು ಎಣಿಸಿ, ಫೋಟೋ ತೆಗೆದುಕೊಂಡು ಹೋದರು. ಹದಿನಾರು ದಿನಕ್ಕೆ ಮಂಜೂರಾಯಿತು. ಐದು ವರ್ಷ, ತಿಂಗಳಿಗೆ ಸುಮಾರು 7 ಸಾವಿರ ಕಂತು. ರೊಕ್ಕ ನನ್ನ ಕೈಗೆ ಬರಲಿಲ್ಲ, ಮಷೀನ್ ಮಾರುವವರ ಖಾತೆಗೆ ನೇರ ಹೋಯಿತು, ಅದೇ ಪದ್ಧತಿ.

ಒಟ್ಟು ಖರ್ಚು ಕೇಳುವವರಿಗೆ: ಹಳೆ ಬ್ಯಾಂಕಿಗೆ 17,200, ಪ್ಯಾನ್, ಜೆರಾಕ್ಸ್, ಬಸ್ ಸೇರಿ ಸಾವಿರದ ಆಸುಪಾಸು, ಕಟ್ಟಿಹಾಕಿದ 25 ಸಾವಿರ ಎಫ್‌ಡಿ ನನ್ನದೇ ಆಗಿ ಉಳಿದಿದೆ. ಬೆಂಡೋಲೆ ಇನ್ನೂ ಬಿಡಿಸಿಲ್ಲ.

ಮಷೀನ್ ಬಂದ ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಓವರ್‌ಲಾಕ್ ಮಷೀನಿನಲ್ಲಿ ಕೂರುವ ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಪ್ಯಾನ್ ಕಾರ್ಡ್ ಹಿಡಿದುಕೊಂಡು ಬಂದಳು. ಲಾಕ್‌ಡೌನ್‌ನಲ್ಲಿ ನಾನು ರೊಕ್ಕ ಹಂಚಿದ ಮೂವರಲ್ಲಿ ಒಬ್ಬಳು. "ಅಕ್ಕಾ, ನಂದೂ ನೋಡ್ರೀ" ಅಂದಳು. ಒಟಿಪಿಯನ್ನು ಅವಳ ಕೈಯಿಂದಲೇ ಹಾಕಿಸಿ ತೆರೆದೆವು. ಅಂಕಿ ಇರಲಿಲ್ಲ. ಎನ್‌ಎಚ್ ಅಂತ ಇತ್ತು, ಅಂದರೆ ಯಾವ ಚರಿತ್ರೆಯೂ ಇಲ್ಲ. ಒಮ್ಮೆಯೂ ಯಾರ ಸಾಲ ಇಟ್ಟುಕೊಳ್ಳದ ಹುಡುಗಿ, ಅದನ್ನು ಕೇಳಿ ಅವಳ ಮುಖ ಸಣ್ಣದಾಯಿತು. ಇದು ಕೆಟ್ಟದ್ದಲ್ಲ, ಖಾಲಿ ಹಾಳೆ ಅಷ್ಟೇ ಅಂದೆ. ಎಫ್‌ಡಿಗೆ ಎಷ್ಟು ಬೇಕಾಗುತ್ತದೆ ಅಂತ ಕೇಳಿದಳು. ಹತ್ತು ಸಾವಿರದಿಂದ ಶುರು ಮಾಡಿದರೂ ಸಾಕು ಅಂದೆ. ಬೆರಳಿನಲ್ಲಿ ಲೆಕ್ಕ ಹಾಕಿದಳು.

"ದೀಪಾವಳಿ ಬೋನಸ್ ಕೊಡ್ತೀರಲ್ರೀ, ಅದಕ್ಕ ಸ್ವಲ್ಪ ಸೇರಿಸ್ತೀನಿ" ಅಂದು ಪ್ಯಾನ್ ಕಾರ್ಡನ್ನು ಕವರಿನೊಳಗೆ ಹಾಕಿಕೊಂಡು ಮಷೀನ್ ಕಡೆ ಹೋದಳು.